ಊರಿಗೆ ಹೋಗುವುದಾದರೆ ಜುಲೈನಲ್ಲಿ ಹೋಗಿ

ಇಲ್ಲಿ ಅಮೆರಿಕದಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳಿಗೆ ಕರ್ನಾಟಕದ ಊರಿನ ನಂಟು ಉಳಿಸೋದು ಹೇಗೆ ಅಂತ ಎಲ್ಲರೂ ಕೇಳುತ್ತಿದ್ದೀರಿ. ಡಿಸೆಂಬರ್‌ನಲ್ಲಿ ಹೋದರೆ ಮದುವೆ ಊಟ, ನೆಂಟರ ಮನೆ, ಮಾಲ್ ಸುತ್ತಾಟ, ಅಷ್ಟೇ ಅಲ್ವಾ? ಜುಲೈನಲ್ಲಿ ಹೋಗಿ. ಇಲ್ಲಿ ಶಾಲೆಗೆ ರಜೆ, ಅಲ್ಲಿ ಶಾಲೆ ನಡೆಯುತ್ತಿರುತ್ತದೆ. ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಕೈತೋಟ ಇದ್ದರಂತೂ ಇನ್ನೂ ಒಳ್ಳೆಯದು.

ಅಮೆರಿಕದ ನಮ್ಮ ಮಗಳ ಶಾಲೆಯಲ್ಲೂ ತೋಟ ಇದೆ. ಸೊಗಸಾಗೇ ಇದೆ, ಸುಳ್ಳು ಹೇಳಬಾರದು. ಆದರೆ ಟೊಮೆಟೊ ಹಣ್ಣಾಗುವ ಹೊತ್ತಿಗೆ ಶಾಲೆಗೆ ಬೀಗ. ಸಸಿ ನೆಟ್ಟವರು ಮಕ್ಕಳು, ಹಣ್ಣು ಕೀಳುವವರು ಇನ್ಯಾರೋ. ನಮ್ಮ ಕಡೆ ಹಾಗಲ್ಲ. ಶಾಲೆ ಬಾಗಿಲು ತೆಗೆಯುವುದೂ ಮುಂಗಾರು ಬರುವುದೂ ಹೆಚ್ಚುಕಮ್ಮಿ ಒಟ್ಟಿಗೇ. ಜೂನ್‌ನಲ್ಲಿ ಬೀಜ ಹಾಕಿದ ಮಕ್ಕಳೇ ದಸರಾ ಆಸುಪಾಸಿನಲ್ಲಿ ಬೆಳೆ ಕೀಳಬಹುದು.

ನಮ್ಮ ಯಜಮಾನರ ಊರು ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಹತ್ತಿರ. ಶೇಂಗಾ ನಾಡು. ಅಲ್ಲಿನ ಶಾಲೆಯ ತೋಟದಲ್ಲೂ ಒಂದು ಮಡಿ ಶೇಂಗಾ ಇತ್ತು. ಕಾಯಿ ಬೇರಿನಲ್ಲಿ ಬಿಡುತ್ತದೆ ಅಂತಲೇ ನಮ್ಮವಳು ತಿಳಿದಿದ್ದಳು. ಮೂರನೇ ಕ್ಲಾಸಿನ ಹುಡುಗಿಯೊಬ್ಬಳು ಗಿಡ ಬಗ್ಗಿಸಿ ತೋರಿಸಿದಳು: ಹಳದಿ ಹೂ ಬಾಡಿದ ಜಾಗದಿಂದ ಸೂಜಿಯಂಥ ಎಳೆ ಹೊರಟು, ಕೆಳಗೆ ಬಾಗಿ, ಮಣ್ಣಿಗೆ ಇಳಿಯುತ್ತಿತ್ತು. ಅದರ ತುದಿಯೇ ಮಣ್ಣೊಳಗೆ ಊದಿ ಕಾಯಾಗುವುದು. ಸಾಲಿಂದ ಸಾಲಿಗೆ 30 ಸೆಂಟಿಮೀಟರ್, ಗಿಡದಿಂದ ಗಿಡಕ್ಕೆ 10. ಮಕ್ಕಳು ಸ್ಕೇಲು ಹಿಡಿದು ಅಳೆಯುತ್ತಾ, ಮಡಿಯಲ್ಲಿ ಎಷ್ಟು ಗಿಡ ಹಿಡಿಯುತ್ತವೆ ಅಂತ ಲೆಕ್ಕ ಹಾಕುತ್ತಿದ್ದರು. ಗುಣಾಕಾರ ಅಂದರೆ ಮುಖ ಸಿಂಡರಿಸುವ ನಮ್ಮವಳೂ ಹೋಗಿ ಸೇರಿಕೊಂಡಳು.

ಆ ಕಡೆ ಮಳೆ ಮೊದಲೇ ಕಮ್ಮಿ, ಹಾಗಾಗಿ ನೀರಿನ ಲೆಕ್ಕ ಗಟ್ಟಿ. ಬಿಸಿಯೂಟದ ತಟ್ಟೆ, ಕೈ ತೊಳೆದ ನೀರೆಲ್ಲ ಕಾಲುವೆ ಹಿಡಿದು ಬಾಳೆ, ನುಗ್ಗೆ ಬುಡಕ್ಕೇ ಹೋಗುತ್ತದೆ. ಆ ನುಗ್ಗೆ ಸೊಪ್ಪು ಮತ್ತೆ ಸಾಂಬಾರಿಗೆ. ಬಿಸಿಯೂಟಕ್ಕಾಗಿ ಶಾಲೆಗಳಲ್ಲಿ ಕೈತೋಟ ಮಾಡಿ ಅಂತ 2019ರಲ್ಲೇ ಕೇಂದ್ರದ ಮಾರ್ಗಸೂಚಿ ಬಂದಿದೆ. ಕಾಗದದಲ್ಲಿ ಸುಲಭ, ಬೇಸಿಗೆಯಲ್ಲಿ ಕಷ್ಟ. ಏಪ್ರಿಲ್, ಮೇ ರಜೆಯಲ್ಲಿ ನೀರು ಹಾಕೋರು ಯಾರು?

ಊರಿನ ಶಾಲೆಗೆ ಏನಾದರೂ ಕೊಡೋಣ ಅಂತಿದ್ದವರು ಮೊದಲು ಇದನ್ನೇ ಕೇಳಿ. ಬೋರ್ಡ್ ಮೇಲೆ ದಾನಿಗಳ ಹೆಸರು ಬರೆಸುವ ಬದಲು ಒಂದು ಸಿಂಟೆಕ್ಸ್ ಟ್ಯಾಂಕು, ಡ್ರಿಪ್ ಪೈಪು, ಮೇಕೆ ನುಗ್ಗದಂತೆ ಬೇಲಿ ಮಾಡಿಸಿಕೊಡಿ. ರಜೆಯಲ್ಲಿ ನೋಡಿಕೊಳ್ಳುವವರಿಗೆ ಅಷ್ಟೋ ಇಷ್ಟೋ ಕೂಲಿ ಕೊಟ್ಟರೆ ಇನ್ನೂ ಚೆನ್ನ. ಬೀಜ ಮಾತ್ರ ಇಲ್ಲಿಂದ ಒಯ್ಯಬೇಡಿ. ಅನುಮತಿ, ಸಸ್ಯ ಆರೋಗ್ಯ ಪ್ರಮಾಣಪತ್ರ ಎಲ್ಲ ಬೇಕಾಗುತ್ತದೆ. ಅಲ್ಲಿನ ಅವರೆ, ತೊಗರಿ, ಹೀರೆ ಸಾಕು.

ಮಕ್ಕಳನ್ನು ಸುಮ್ನೆ ಕರೆದುಕೊಂಡು ಹೋಗಿ ಕೂರಿಸಬೇಡಿ. ಮುಖ್ಯ ಶಿಕ್ಷಕರನ್ನೂ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಯವರನ್ನೂ ಮೊದಲೇ ಫೋನಿನಲ್ಲಿ ಕೇಳಿ. ಅವರು ಬೇಡ ಅಂದರೆ ಬೇಸರ ಮಾಡಿಕೊಳ್ಳಬೇಡಿ, ಅದು ಅವರ ಪಾಠದ ಹೊತ್ತು. ಮುಂದಿನ ಜುಲೈಗೆ ಚಿತ್ರದುರ್ಗ, ದಾವಣಗೆರೆ ಕಡೆ ಹೊರಟವರಿದ್ದರೆ ಹೇಳಿ, ಟಿಕೆಟ್ ಒಟ್ಟಿಗೆ ನೋಡೋಣ.