ಚಿಕ್ಕಪ್ಪಾ, ಟ್ರಿಪ್ ಆಗೋ ಸ್ವಿಚ್ ಮಾತ್ರ ತೆಗೆಸಬೇಡಿ

ಚಿಕ್ಕಪ್ಪಾ, ನಿಮ್ಮ ಮೆಸೇಜ್ ಈಗ ನೋಡಿದೆ. ಗೀಸರ್ ಸ್ವಿಚ್ ಹಾಕಿದ ಕೂಡಲೇ ಇಡೀ ಮನೆ ಕರೆಂಟ್ ಹೋಗುತ್ತದೆ, ಎಲೆಕ್ಟ್ರಿಷಿಯನ್ ಇವತ್ತು ನಾಳೆ ಅಂತಿದ್ದಾನೆ, ನಾನೇ ಬಿಚ್ಚಲಾ ಅಂತ ಕೇಳಿದ್ದೀರಿ. ಬಿಚ್ಚಬಹುದು. ಆದರೆ ಭಾವ 'ಆ ಇಎಲ್‌ಸಿಬಿನೇ ತೆಗೆದು ಡೈರೆಕ್ಟ್ ಕೊಟ್ಟುಬಿಡಿ' ಅಂದಿದ್ದಾರಲ್ಲ, ದಯವಿಟ್ಟು ಅದೊಂದು ಮಾಡಬೇಡಿ. ಭಾವ, ಬೇಜಾರು ಮಾಡ್ಕೋಬೇಡಿ. ಇಎಲ್‌ಸಿಬಿ ಅಂದರೆ ಟ್ರಿಪ್ ಆಗೋ ಆ ಸ್ವಿಚ್ಚೇ, 30 ಮಿಲಿಆಂಪ್‌ನಷ್ಟು ಕರೆಂಟ್ ಸೋರಿದರೂ ಕಟ್ ಮಾಡಲಿ ಅಂತಲೇ ಅದನ್ನು ಹಾಕಿರುವುದು. ಒದ್ದೆ ಕೈಯಲ್ಲಿ ಆ ನಲ್ಲಿ ತಿರುಗಿಸುವವರು ಅಜ್ಜಿ ಮತ್ತು ಮಕ್ಕಳು.

ಮೊದಲು ಗೀಸರ್ ಪ್ಲಗ್ ಕಿತ್ತು ಸ್ವಿಚ್ ಹಾಕಿ ನೋಡಿ. ಆಮೇಲೆ ಟ್ರಿಪ್ ಆಗದಿದ್ದರೆ ತೊಂದರೆ ಗೀಸರ್‌ನಲ್ಲೇ, ಹೆಚ್ಚುಕಮ್ಮಿ ಎಲಿಮೆಂಟ್, ಅಂದರೆ ಒಳಗೆ ನೀರು ಕಾಯಿಸುವ ಕೊಳವೆ, ಹೋಗಿದೆ ಅಂತಲೇ. ಚಿಂತಾಮಣಿ ಕಡೆ ಬೋರ್ ನೀರಿನ ಗಡಸು ನಿಮಗೇ ಗೊತ್ತು, ನೀರು ಕಾಯಿಸುವ ಪಾತ್ರೆ ತಳದಲ್ಲಿ ಬಿಳಿ ಪೊರೆ ಕಟ್ಟುತ್ತದೆ ಅಲ್ವಾ, ಅದೇ ಸುಣ್ಣ ಎಲಿಮೆಂಟ್ ಮೇಲೂ ಕೂರುತ್ತದೆ. ಅದು ದಪ್ಪ ಆದಷ್ಟೂ ಬಿಸಿ ನೀರಿಗೆ ಇಳಿಯಲ್ಲ, ಎಲಿಮೆಂಟೇ ಅತಿಯಾಗಿ ಕಾದು ಅದರ ಹೊರಗಿನ ಕವಚ ಸೀಳುತ್ತದೆ, ಆ ಸೀಳಿನಲ್ಲಿ ನೀರು ನುಗ್ಗಿ ಕರೆಂಟ್ ಸೋರುತ್ತದೆ.

ಪ್ಲಗ್ ಕಿತ್ತಿದ್ದರೂ ಮೇನ್ ಬೋರ್ಡಿನಲ್ಲಿರುವ ಗೀಸರ್ ಎಂಸಿಬಿ ಸ್ವಿಚ್ ಇಳಿಸಿಯೇ ಗೀಸರ್ ಮುಚ್ಚಳ ಬಿಚ್ಚಿ. ವೈರ್‌ಗಳ ಫೋಟೋ ತೆಗೆದುಕೊಂಡು ಎಲಿಮೆಂಟಿನ ಎರಡೂ ವೈರ್ ಬಿಡಿಸಿ ಮಲ್ಟಿಮೀಟರನ್ನು ಓಮ್‌ಗೆ ತಿರುಗಿಸಿ ಇಡಿ. ನಿಮ್ಮದು 2000 ವ್ಯಾಟ್ ಆದರೆ ವೈರ್ ಬಿಡಿಸಿದ ಎರಡು ತುದಿಗಳ ನಡುವೆ ಸುಮಾರು 26 ಓಮ್ ಬರಬೇಕು. ಒಂದು ತುದಿಗೂ ಟ್ಯಾಂಕ್ ಬಾಡಿಗೂ ಇಟ್ಟರೆ ಯಾವ ಓಮ್ ಅಂಕಿಯನ್ನೂ, ಸೊನ್ನೆಯನ್ನೂ ತೋರಿಸಬಾರದು. ತೋರಿಸಿದರೆ ಮುಗೀತು, ಅದನ್ನು ಉಜ್ಜಿ ತೊಳೆದು ಪ್ರಯೋಜನ ಇಲ್ಲ, ಹೊಸದೇ ಹಾಕಬೇಕು.

ಎಲಿಮೆಂಟ್ ಬಿಚ್ಚುವ ಮೊದಲು ನೀರು ತಣ್ಣಗಾಗಲಿ. ತಣ್ಣೀರು ಬರುವ ವಾಲ್ವ್ ಮುಚ್ಚಿ ಟ್ಯಾಂಕ್ ಖಾಲಿ ಮಾಡಿ. ಬಿಸಿ ಹದಕ್ಕೆ ಬಂದಾಗ ಆಫ್ ಮಾಡುವ ಥರ್ಮೋಸ್ಟಾಟ್ ಜೊತೆ ಸಣ್ಣ ತಾಮ್ರದ ಕೊಳವೆ ಇದ್ದರೆ ಅದನ್ನು ಮಡಚದೆ ಮೆತ್ತಗೆ ಎಳೆಯಿರಿ. ಒಳಗಿಂದ ಸುಣ್ಣದ ಚೂರು ಜಾಸ್ತಿನೇ ಬೀಳುತ್ತದೆ, ಕೆಳಗೆ ಬಕೆಟ್ ಇಡಿ. ಉಳಿದದ್ದಕ್ಕೆ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್ ಪುಡಿ) ಕಲಸಿದ ನೀರು ಸಾಕು, ಬಾತ್‌ರೂಮ್ ಆಸಿಡ್ ಬೇಡವೇ ಬೇಡ, ಟ್ಯಾಂಕ್ ತಿಂದುಬಿಡುತ್ತದೆ. ಅಂಗಡಿಗೆ ಹಳೇ ಎಲಿಮೆಂಟನ್ನೇ ಹಿಡಿದುಕೊಂಡು ಹೋಗಿ, ಬೋಲ್ಟ್ ತೂತುಗಳ ಅಂತರ ಒಂದೊಂದು ಗೀಸರ್‌ಗೆ ಒಂದೊಂದು. ರಬ್ಬರ್ ಗ್ಯಾಸ್ಕೆಟ್ ಹೊಸದು ತನ್ನಿ. ಪಕ್ಕದಲ್ಲಿರುವ ಮೆಗ್ನೀಸಿಯಂ ರಾಡ್ ಸವೆದು ಕಡ್ಡಿಯಂತಾಗಿದ್ದರೆ ಅದೂ ಬದಲಾಯಿಸಿ, ಟ್ಯಾಂಕ್ ತುಕ್ಕು ಹಿಡಿಯದಂತೆ ತಾನು ಸವೆಯುವುದೇ ಅದರ ಕೆಲಸ.

ಜೋಡಿಸಿದ ಮೇಲೆ ಹಸಿರು ಅರ್ತ್ ವೈರ್ ಗಟ್ಟಿಯಾಗಿ ಕೂತಿದೆಯಾ ಎಳೆದು ನೋಡಿ. ತಣ್ಣೀರಿನ ವಾಲ್ವ್ ಮತ್ತೆ ತೆರೆದು, ಬಿಸಿನೀರಿನ ನಲ್ಲಿಯಲ್ಲಿ ಗಾಳಿ ಬುಸುಗುಟ್ಟುವುದು ನಿಂತು ನೀರು ಒಂದೇ ಸಮ ಬರುವವರೆಗೂ ಸ್ವಿಚ್ ಹಾಕಬೇಡಿ, ಖಾಲಿ ಟ್ಯಾಂಕಲ್ಲಿ ಹೊಸ ಎಲಿಮೆಂಟ್ ಕ್ಷಣದಲ್ಲಿ ಸುಟ್ಟುಹೋಗುತ್ತದೆ. ಆಮೇಲೂ ಟ್ರಿಪ್ ಆದರೆ ನೀವು ಮುಂದೆ ಕೈ ಹಾಕಬೇಡಿ, ಎಲೆಕ್ಟ್ರಿಷಿಯನ್ ಬರುವವರೆಗೆ ಒಲೆ ಮೇಲೆ ನೀರು ಕಾಯಿಸಿಕೊಳ್ಳಿ. ಅವನು ಬಂದಾಗ ಅರ್ತಿಂಗ್ ಕೂಡ ನೋಡಿಸಿ, ಹಿತ್ತಲಿನ ಅರ್ತ್ ಗುಂಡಿ ಒಣಗಿರಬಹುದು. ಎಲಿಮೆಂಟ್ ತೆಗೆದ ಮೇಲೆ ಒಂದು ಫೋಟೋ ಇಲ್ಲೇ ಹಾಕಿ, ನೋಡಿ ಹೇಳ್ತೀನಿ.