ಮುರುಗಲ ತುಪ್ಪ: ಒಳಗೆ ಏನಿದೆ, ಎಷ್ಟು ತಿನ್ನಬಹುದು?

ಬಿಸಿಲುಕೋಲು: ಮುರುಗಲು (ಪುನರ್ಪುಳಿ) ಬೀಜದ ತುಪ್ಪದಲ್ಲಿ ಯಾವ ಕೊಬ್ಬಿನಾಮ್ಲ ಎಷ್ಟಿದೆ? ಕೊಲೆಸ್ಟ್ರಾಲ್ ಇದ್ದವರಿಗೆ ಆಗುತ್ತದೆಯೇ? ತೂಕ ಇಳಿಸುತ್ತದೆ ಅನ್ನುವುದು ನಿಜವೇ? ಮನೆಯಲ್ಲಿ ತೆಗೆದದ್ದು ಬೇಗ ಕಮಟು ಹಿಡಿಯುತ್ತಿದೆ, ಯಾಕೆ?

ಒರಳುಕಲ್ಲು: ಸ್ಟಿಯರಿಕ್ ಆಮ್ಲ ಶೇ. 50–60, ಓಲಿಕ್ ಶೇ. 35–40, ಪಾಮಿಟಿಕ್ ಶೇ. 2–5, ಲಿನೋಲಿಕ್ ಶೇ. 1–2. ಅಂದರೆ ಸುಮಾರು ಶೇ. 60 ಪರ್ಯಾಪ್ತ (ಸ್ಯಾಚುರೇಟೆಡ್) ಕೊಬ್ಬು, ಹೆಚ್ಚುಕಡಿಮೆ ಹಸುವಿನ ತುಪ್ಪದಷ್ಟೇ. ಆದರೆ ಹಸುವಿನ ತುಪ್ಪದಲ್ಲಿ ಪಾಮಿಟಿಕ್, ಮಿರಿಸ್ಟಿಕ್ ಆಮ್ಲಗಳು ಜಾಸ್ತಿ. ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) ಏರಿಸುವುದು ಅವು. ಸ್ಟಿಯರಿಕ್ ಅಷ್ಟು ಏರಿಸುವುದಿಲ್ಲ. ಗಿಡದ ಕೊಬ್ಬಾದ್ದರಿಂದ ಇದರಲ್ಲಿ ಕೊಲೆಸ್ಟ್ರಾಲ್ ಇಲ್ಲವೆಂದೇ ಹೇಳಬಹುದು. ಹಾಗಂತ ಒಗ್ಗರಣೆಗೆಲ್ಲ ಇದನ್ನೇ ಸುರಿಯಬೇಡಿ. ದೇಹಕ್ಕೆ ಬೇಕೇಬೇಕಾದ ಲಿನೋಲಿಕ್ ಇಷ್ಟು ಕಡಿಮೆ ಇರುವಾಗ ಶೇಂಗಾ ಎಣ್ಣೆಯ ಜಾಗ ಇದು ತುಂಬುವುದಿಲ್ಲ. ಬಿಸಿ ಅನ್ನಕ್ಕೆ ಒಂದು ಚಮಚ ಸಾಕು. 5 ಗ್ರಾಂ ಅಂದರೆ 45 ಕ್ಯಾಲೊರಿ, ಬೇರೆ ಯಾವ ಎಣ್ಣೆಯೂ ಅಷ್ಟೇ.

ಘಟ್ಟದಕೆಳಗೆ: ತೂಕದ ಮಾತು ಸಿಪ್ಪೆಯದ್ದು. ತೂಕ ಇಳಿಸುತ್ತದೆ ಅನ್ನುವ ಹೈಡ್ರಾಕ್ಸಿ ಸಿಟ್ರಿಕ್ ಆಮ್ಲ ಇರುವುದು ಹಣ್ಣಿನ ಸಿಪ್ಪೆಯಲ್ಲಿ, ಅದೂ ನೀರಲ್ಲಿ ಕರಗುವಂಥದ್ದು. ಬೀಜದ ಕೊಬ್ಬಿಗೂ ಅದಕ್ಕೂ ಸಂಬಂಧವಿಲ್ಲ. ಸಿಪ್ಪೆಯಿಂದಲೂ ತೂಕ ಇಳಿಯುತ್ತದೆ ಅನ್ನುವುದಕ್ಕೆ ಗಟ್ಟಿ ಆಧಾರವಿಲ್ಲ, ಅದು ಬೇರೆ ಮಾತು.

ಕಮಟಿಗೆ ಕಾರಣ ಬಹುಪಾಲು ತೇವ. ಹಣ್ಣು ಬರುವುದು ಏಪ್ರಿಲ್–ಮೇ, ಬೀಜ ಒಣಗುವಷ್ಟರಲ್ಲಿ ಮಳೆ ಹಿಡಿಯುತ್ತದೆ. ಬೂಷ್ಟು ಬಂದ ಬೀಜದಲ್ಲಿ ಕೊಬ್ಬು ಆಗಲೇ ಒಡೆದು ಬಿಡಿ ಕೊಬ್ಬಿನಾಮ್ಲ ಆಗಿರುತ್ತದೆ. ಆಮೇಲೆ ಎಷ್ಟು ಕಾಯಿಸಿದರೂ ಸರಿಹೋಗದು. ಬೀಜಕ್ಕೆ ಅಂಟಿದ ತಿರುಳು ಪೂರ್ತಿ ಹೋಗುವಂತೆ ತೊಳೆದು, ಸಿಪ್ಪೆ ತೆಗೆದಾಗ ಬೇಳೆ ಬಾಗದೆ ಟಕ್ಕನೆ ಮುರಿಯುವವರೆಗೆ ಒಣಗಿಸಿ. ಕುಟ್ಟಿ ನೀರಲ್ಲಿ ಕುದಿಸಿ, ತೇಲಿದ್ದನ್ನು ತೆಗೆದ ಮೇಲೆ ಬೇರೆ ಪಾತ್ರೆಯಲ್ಲಿ ಸಣ್ಣ ಉರಿಯಲ್ಲಿ ಮತ್ತೆ ಕಾಯಿಸಬೇಕು. ಚಟಪಟ ಸದ್ದು ನಿಂತರೆ ನೀರು ಹೋಯಿತು. ಇದನ್ನೇ ತುಂಬ ಜನ ಬಿಡುತ್ತಾರೆ. ಉರಿ ಜೋರಾದರೆ ತಳದ ಪುಡಿ ಸೀದು ಕಹಿ.

ಬಿಸಿಲುಕೋಲು: ಎರಡನೇ ಸಲ ಕಾಯಿಸಿರಲಿಲ್ಲ. ಅಂಗಡಿಯದ್ದು ಬೆರಕೆಯೇ ಅಂತ ತಿಳಿಯುವುದು ಹೇಗೆ?

ಒರಳುಕಲ್ಲು: ಶುದ್ಧವಾದದ್ದು ಕರಗುವುದು 38–42 ಡಿಗ್ರಿ ಸೆಲ್ಸಿಯಸ್‌ನಲ್ಲಿ. 30 ಡಿಗ್ರಿಯ ಕೋಣೆಯಲ್ಲಿ ಉಂಡೆ ಗಟ್ಟಿಯಾಗಿದ್ದು, ಚಾಕು ಹಾಕಿದರೆ ಚೂರಾಗಿ ಉದುರಬೇಕು. ಬೆರಳಿಗೆ ಮೆತ್ತಗೆ ಅಂಟಿದರೆ ಬೇರೆ ಎಣ್ಣೆ ಸೇರಿರುವ ಅನುಮಾನ ಇಟ್ಟುಕೊಳ್ಳಿ. ವನಸ್ಪತಿ ಬೆರೆತರೆ ಮಾತ್ರ ಕೈಗೆ ಗೊತ್ತಾಗುವುದು ಕಷ್ಟ, ಲ್ಯಾಬಿನಲ್ಲಿ ಕೊಬ್ಬಿನಾಮ್ಲದ ಪರೀಕ್ಷೆಯೇ ಆಗಬೇಕು.