ಪದಚರ್ಚೆ: ‘ಗೋಡೆಕಲೆ’ ಅಂತ ಬರೆದರೆ ಯಾವ ಕಲೆ ಅಂತ ಓದುತ್ತೀರಿ? ಮ್ಯೂರಲ್, ಗ್ರಾಫಿಟಿ, ಸರ್ರಿಯಲ್‌ಗೆ ಪದ ಬೇಕು

ಗೆಳೆಯರಿಗೆಲ್ಲ ದಾವಣಗೆರೆಯಿಂದ ನಮಸ್ಕಾರ.

ಗೋಡೆಗೆ ಬರೆದ ಒಂದು ಚಿತ್ರಕ್ಕೆ ಹಾಕುವ ಬೋರ್ಡಿಗೆ ನಾಲ್ಕು ಸಾಲು ಬರೆದುಕೊಡಬೇಕಿದೆ. ಮೂರೇ ಮೂರು ಪದಗಳಲ್ಲಿ ಸಿಕ್ಕಿಕೊಂಡು ಎರಡು ವಾರ ಆಯಿತು. ನಿಮ್ಮ ಸಹಾಯ ಬೇಕು.

ನನ್ನ ಅಕ್ಕನ ಮಗಳು ಇಲ್ಲೇ ಚಿತ್ರಕಲೆ ಓದುತ್ತಿದ್ದಾಳೆ. ಅವಳೂ ಅವಳ ಮೂವರು ಗೆಳತಿಯರೂ ಸೇರಿ ನಿಟುವಳ್ಳಿ ಕಡೆಯ ಒಂದು ಮನೆಯ ಕಾಂಪೌಂಡಿಗೆ ಚಿತ್ರ ಬರೆದರು. ಮನೆಯವರನ್ನು ಕೇಳಿಯೇ ಬರೆದದ್ದು. ಹತ್ತಿ ಮಿಲ್ಲಿನ ಎತ್ತರದ ಚಿಮಣಿ, ಅದರ ಬಾಯಿಂದ ಹೊಗೆಯ ಬದಲು ಮೀನುಗಳು ಸಾಲಾಗಿ ಹೊರಬಂದು ಆಕಾಶದಲ್ಲಿ ಈಜುತ್ತವೆ. ಮನೆಯ ಯಜಮಾನರು ವಯಸ್ಸಾದವರು, ಹಿಂದೆ ಮಿಲ್ಲಿನಲ್ಲಿ ದುಡಿದವರು. ತುಂಬಾ ಹೊತ್ತು ನಿಂತು ನೋಡಿ, ‘ಚೆಂದ ಐತವ್ವ. ಇದಕ್ಕ ಏನಂತಾರ?’ ಅಂತ ಕೇಳಿದರು. ಇವಳು ‘ಸರ್ರಿಯಲ್ ಮ್ಯೂರಲ್ ತಾತ’ ಅಂದಳು. ‘ಕನ್ನಡದಾಗ ಹೇಳವ್ವ’ ಅಂದರು. ಇವಳಿಗೆ ಹೇಳಲು ಬರಲಿಲ್ಲ. ಸಂಜೆ ನನ್ನ ಹತ್ತಿರ ಬಂದಳು. ನನಗೂ ಬರಲಿಲ್ಲ.

ಪದ ಇಲ್ಲದಿದ್ದರೆ ಏನಾಯಿತು, ಚಿತ್ರ ಇದೆಯಲ್ಲ ಅಂತ ನೀವು ಕೇಳಬಹುದು. ಅವಳು ಈ ಕಲಾವಿದರನ್ನೆಲ್ಲ ಕಂಡದ್ದು ಫೋನಿನಲ್ಲಿ. ಒಂದು ಪದ ಟೈಪ್ ಮಾಡಿ, ಒಬ್ಬರಿಂದ ಇನ್ನೊಬ್ಬರಿಗೆ ಹೋಗಿ. ಇಂಗ್ಲಿಷಿನಲ್ಲಿ ಹುಡುಕಿದಾಗ ಬೀದಿ ಗೋಡೆಗಳಿಗೆ ಬರೆಯುವ ಇಂಗ್ಲೆಂಡಿನ ಬ್ಯಾಂಕ್ಸಿ ಸಿಕ್ಕರು, ಬ್ರೆಜಿಲಿನ ಸಾವೊ ಪೌಲೊದ ಅವಳಿ ಅಣ್ಣತಮ್ಮಂದಿರು ಓಸ್ ಜೆಮಿಯೋಸ್ ಸಿಕ್ಕರು, ದೆಹಲಿಯ ಲೋಧಿ ಕಾಲೊನಿಯ ಚಿತ್ರ ತುಂಬಿದ ಗೋಡೆಗಳು ಸಿಕ್ಕವು. ಬೆಂಗಳೂರಿನ ಅರವಾಣಿ ಆರ್ಟ್ ಪ್ರಾಜೆಕ್ಟ್ ಕೂಡ ಹಾಗೇ ಸಿಕ್ಕಿತು. ಅದರಲ್ಲಿ ಟ್ರಾನ್ಸ್ ಮಹಿಳೆಯರು ಊರೂರಿನ ಗೋಡೆಗಳಿಗೆ ಬಣ್ಣ ಹಚ್ಚುತ್ತಾರೆ. ಅದೇ ಹುಡುಗಿ ಕನ್ನಡದಲ್ಲಿ ‘ಬೀದಿ ಚಿತ್ರ’ ಅಂತ ಹುಡುಕಿದರೆ ಸಿನಿಮಾ ಸ್ಟಿಲ್‌ಗಳು ಬಂದವು. ನಮ್ಮಲ್ಲಿ ಚಿತ್ರ ಅಂದರೆ ಸಿನಿಮಾ ಕೂಡ ಅಲ್ವಾ! ಚಿತ್ರದುರ್ಗದಲ್ಲೋ ಹರಿಹರದಲ್ಲೋ ಇವಳ ಹಾಗೇ ಗೋಡೆಗೆ ಬರೆಯುವ ಇನ್ನೊಬ್ಬ ಹುಡುಗಿ ಇದ್ದರೆ, ಇಬ್ಬರೂ ಒಂದೇ ಕನ್ನಡ ಪದ ಬಳಸದೆ ಒಬ್ಬರಿಗೊಬ್ಬರು ಸಿಗುವುದು ಹೇಗೆ?

ಮೊದಲು ‘ಗೋಡೆಕಲೆ’. ಸುಲಭವಾಗಿ ಬಾಯಿಗೆ ಬರುವ ಪದ. ಆದರೆ ಕನ್ನಡದಲ್ಲಿ ಕಲೆ ಎರಡು. ಒಂದು ಸಂಸ್ಕೃತದಿಂದ ಬಂದದ್ದು, ಚಿತ್ರ ಸಂಗೀತಗಳ ಕಲೆ. ಇನ್ನೊಂದು ಬಟ್ಟೆಗೆ ಹತ್ತುವ, ಗಾಯ ಮಾದ ಮೇಲೆ ಉಳಿಯುವ ಕಲೆ. ‘ಗೋಡೆ ಮೇಲೆ ಕಲೆ ಆಗಿದೆ’ ಅಂದರೆ ಯಾರೂ ಚಿತ್ರ ನೆನೆಸಿಕೊಳ್ಳುವುದಿಲ್ಲ. ಸುಣ್ಣ ಹೊಡೆಸಬೇಕು ಅಂತಾರೆ. ಗೋಡೆಗೆ ಬರೆಯುವವರು ಎಲ್ಲ ಊರಲ್ಲೂ ಎದುರಿಸುವ ಆಪಾದನೆಯೂ ಇದೇ. ಅಂದವೋ, ಹೊಲಸೋ? ನಮ್ಮಲ್ಲಿ ತೆರೆದ ಜಾಗಗಳ ಅಂದಗೆಡಿಸುವುದನ್ನು ತಡೆಯಲು 1981ರ ಕಾಯ್ದೆಯೇ ಇದೆ. ಹಾಗಿರುವಾಗ ಆಪಾದನೆಯನ್ನೇ ಹೊಟ್ಟೆಯಲ್ಲಿ ಇಟ್ಟುಕೊಂಡ ಪದವನ್ನು ಬೋರ್ಡಿಗೆ ಹಾಕಲು ನನಗೆ ಮನಸ್ಸಿಲ್ಲ.

‘ಬೀದಿಕಲೆ’ ಅಂದರೆ? ಬೀದಿನಾಟಕ ಅನ್ನುವ ಪದ ಚೆನ್ನಾಗಿ ನೆಲೆ ನಿಂತಿದೆ. ಅದೇ ದಾರಿಯಲ್ಲಿ ಇದೂ ನಿಲ್ಲಬಹುದು. ಬೀದಿಗೆ ಬಿದ್ದ, ಬೀದಿ ರಂಪ ಅನ್ನುವ ಮಾತುಗಳಿಂದ ಆ ಪದಕ್ಕೆ ಸ್ವಲ್ಪ ಧೂಳು ಹತ್ತಿದೆ ನಿಜ. ಆದರೆ ತೇರು ಬೀದಿಯೂ ರಾಜಬೀದಿಯೂ ಅದೇ ಬೀದಿ ತಾನೇ? ನನ್ನ ತೊಂದರೆ ಬೇರೆ. ‘ಬೀದಿಕಲೆ’ ಅಂದ ಕೂಡಲೇ ನಮ್ಮ ತಾಯಿಗೆ ನೆನಪಾದದ್ದು ದೊಂಬರಾಟ. ತಪ್ಪೇನಿಲ್ಲ, ಅದೂ ಬೀದಿಯ ಕಲೆಯೇ. ಅಲ್ಲಿಗೆ ಈ ಪದ ಒಂದು ದೊಡ್ಡ ಕೊಡೆಯಾಗಬಹುದು. ಆ ಕೊಡೆಯ ಕೆಳಗೆ ಬೇರೆ ಬೇರೆ ಕೆಲಸಗಳಿಗೆ ಬೇರೆ ಬೇರೆ ಹೆಸರು ಬೇಕು.

ಬೆಂಗಳೂರಿನ ಬಾದಲ್ ನಂಜುಂಡಸ್ವಾಮಿ ಅವರನ್ನೇ ನೋಡಿ. 2015ರಲ್ಲಿ ಸುಲ್ತಾನ್‌ಪಾಳ್ಯದ ರಸ್ತೆಗುಂಡಿಯಲ್ಲಿ ಮೊಸಳೆ ಇಟ್ಟರು. 2019ರಲ್ಲಿ ಗುಂಡಿಬಿದ್ದ ರಸ್ತೆಯ ಮೇಲೆ ಗಗನಯಾತ್ರಿಯನ್ನು ನಡೆಸಿ, ಚಂದ್ರನ ನೆಲದ ಹಾಗೆ ತೋರಿಸಿದರು. ಅಲ್ಲಿ ಗೋಡೆಯೇ ಇಲ್ಲ. ಇಂಥದ್ದಕ್ಕೆ ‘ಬೀದಿಕಲೆ’ ಸರಿಯಾಗಿ ಕೂರುತ್ತದೆ. ನಿಟುವಳ್ಳಿಯ ಮೀನಿಗೆ ಅದು ಸಾಲದು.

ಮ್ಯೂರಲ್‌ಗೆ ‘ಭಿತ್ತಿಚಿತ್ರ’ ಇದೆ. ಪುಸ್ತಕದಲ್ಲಿ ಸರಿ, ಅಜಂತಾ ಬಗ್ಗೆ ಬರೆಯುವಾಗ ನಾನೂ ಅದನ್ನೇ ಬರೆಯುತ್ತೇನೆ. ಆದರೆ ಮಂಡಿಪೇಟೆಯಲ್ಲಿ ನಿಂತು ಭಿತ್ತಿ ಅಂದರೆ ಯಾರಿಗೆ ಗೋಡೆ ಕಾಣುತ್ತದೆ? ಪೋಸ್ಟರಿಗೆ ‘ಭಿತ್ತಿಪತ್ರ’ ಬೇರೆ ಇದೆ, ಎರಡೂ ಕಲಸಿಹೋಗುತ್ತವೆ. ‘ಗೋಡೆಚಿತ್ರ’ ಎಷ್ಟು ನೇರವಾಗಿದೆ! ಫೋನಿನಲ್ಲಿ ಚಿತ್ರ ನೋಡುವವರಿಗೆ ಈ ‘ಗೋಡೆ’ ಅನ್ನುವುದು ಜಾಸ್ತಿ ಬೇಕು ಅಂತ ನನಗೆ ಅನ್ನಿಸುತ್ತದೆ. ಸ್ಪೇನಿನ ಸರ್ರಿಯಲ್ ಚಿತ್ರಗಾರ ಡಾಲಿಯ ಕರಗುವ ಗಡಿಯಾರಗಳ ಚಿತ್ರ, 1931ರದು, ಅಳತೆ ಬರೀ 24 ಸೆಂ.ಮೀ. ಎತ್ತರ, 33 ಸೆಂ.ಮೀ. ಅಗಲ. ನಮ್ಮ ಹುಡುಗಿ ಅದನ್ನು ಗೋಡೆಯಷ್ಟು ದೊಡ್ಡದು ಅಂತ ತಿಳಿದಿದ್ದಳು. ಲೋಧಿ ಕಾಲೊನಿಯ ಎರಡಂತಸ್ತಿನ ಗೋಡೆಯೂ ಆ ಪುಟ್ಟ ಕ್ಯಾನ್ವಾಸೂ ಫೋನಿನಲ್ಲಿ ಒಂದೇ ಅಂಗೈಯಗಲ. ಅಳತೆಯನ್ನು ಪದವೇ ಹೇಳಬೇಕು.

ಇನ್ನು ಗ್ರಾಫಿಟಿ, ಅಂದರೆ ಗೋಡೆಗೋ ರೈಲಿಗೋ ಹೆಚ್ಚಾಗಿ ಯಾರನ್ನೂ ಕೇಳದೆ ಬರೆದು ಹೋಗುವ ಅಕ್ಷರ, ಚಿತ್ರ. ಇದರ ಬೆನ್ನು ಹತ್ತಿದಾಗ ನನಗೆ ತುಂಬಾ ಖುಷಿ ಸಿಕ್ಕಿತು. ಇಟಾಲಿಯನ್ನಿನಲ್ಲಿ ಅದರ ಮೂಲ ಅರ್ಥ ಗೀರುವುದು. ಇನ್ನೂ ಹಿಂದಕ್ಕೆ ಹೋದರೆ ಗ್ರೀಕಿನ ಒಂದು ಕ್ರಿಯಾಪದ. ಗೀರುವುದು, ಅಕ್ಷರ ಬರೆಯುವುದು, ಚಿತ್ರ ಬರೆಯುವುದು, ಮೂರಕ್ಕೂ ಅದೊಂದೇ. ನಮ್ಮ ‘ಬರೆ’ ಕೂಡ ಹಾಗೇ ಇದೆಯಲ್ಲ! ಪತ್ರ ಬರೆಯುತ್ತೇವೆ, ಚಿತ್ರ ಬರೆಯುತ್ತೇವೆ, ಕಾಯಿಸಿದ ಕಬ್ಬಿಣದಿಂದ ಎಳೆದ ಗೆರೆಗೂ ಬರೆ ಅಂತಲೇ ಹೇಳುತ್ತೇವೆ. ನಮ್ಮ ಊರಿನಲ್ಲಿ ಅಂಗಡಿಯ ಹೆಸರು ಬರೆಯುವವರು, ದೇವರ ಚಿತ್ರ ಬರೆಯುವವರು, ಸಿಮೆಂಟ್ ಜಾಹೀರಾತಿಗೆ ಗೋಡೆ ಬರೆಯುವವರು ಮುಂಚೆ ಒಬ್ಬರೇ ಆಗಿದ್ದರು. ಫ್ಲೆಕ್ಸ್ ಬಂದ ಮೇಲೆ ಅವರ ಕೆಲಸ ಹೋಯಿತು. ಅವರ ಮಾತೂ ಹೋಗಬಾರದು. ಅವರಲ್ಲೊಬ್ಬರನ್ನು ಹೋಗಿ ಕೇಳಿದೆ. ‘ನಾವು ಗೋಡಿ ಬರಿಯೋದು ಅಂತೀವಿ ಸಾರ್, ಅಕ್ಷರ ಆದ್ರೂ ಅಷ್ಟೇ, ಗೊಂಬಿ ಆದ್ರೂ ಅಷ್ಟೇ’ ಅಂದರು.

ಹಾಗಾದರೆ ‘ಗೋಡೆಬರಹ’ ಸರಿಹೋಗುತ್ತದಾ? ಚುನಾವಣೆ ಘೋಷಣೆಗೂ ಇದೇ ಪದ ಇದೆ, ಅದು ಅಡ್ಡಿಯೇನಲ್ಲ. ಗ್ರಾಫಿಟಿಯಲ್ಲಿ ಬಹುಪಾಲು ಅಕ್ಷರವೇ ಇರುತ್ತದೆ. ಬರೆದವನ ಹೆಸರು, ಅವನದೇ ತಿರುವಿನಲ್ಲಿ.

ಇಲ್ಲಿ ನಮ್ಮ ಕಡೆಯ ಒಂದು ಕಲ್ಲನ್ನು ನೆನೆಯಬೇಕು. ಚಿತ್ರದುರ್ಗ ಜಿಲ್ಲೆ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನ ಇದೆ. 1892ರಲ್ಲಿ ಬಿ. ಎಲ್. ರೈಸ್ ಅದನ್ನು ಪತ್ತೆ ಮಾಡಿದರು. ರಾಜನ ಮಾತೆಲ್ಲ ಮುಗಿದ ಮೇಲೆ, ಕೊನೆಯಲ್ಲಿ, ಬರೆದವನು ತನ್ನ ಹೆಸರು ಹಾಕಿದ್ದಾನೆ. ಚಪಡ. ಶಾಸನವೆಲ್ಲ ಬ್ರಾಹ್ಮಿ ಲಿಪಿಯಲ್ಲಿದೆ. ‘ಲಿಪಿಕಾರ’ ಅನ್ನುವ ಅರ್ಥದ ಆ ಕೊನೆಯ ಪದವನ್ನು ಮಾತ್ರ ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ ಬರೆದಿದ್ದಾನೆ. ಖರೋಷ್ಠಿ ವಾಯವ್ಯದ ಗಾಂಧಾರದ ಕಡೆಯ ಲಿಪಿ. ಎಲ್ಲಿಂದ ಎಲ್ಲಿಗೆ ಬಂದು, ಯಾರೂ ಓದಲಾರದ ಊರಿನಲ್ಲಿ ತನ್ನ ಲಿಪಿಯನ್ನು ಬಿಟ್ಟುಹೋಗಿದ್ದಾನೆ! ಅದು ರಾಜಾಜ್ಞೆ, ಗ್ರಾಫಿಟಿ ಅಲ್ಲ, ಗೊತ್ತು. ಆದರೂ ಆ ಕೊನೆಯ ಪದದಲ್ಲಿ ಇರುವ ಆಸೆ ನ್ಯೂಯಾರ್ಕಿನ ರೈಲು ಡಬ್ಬಿಗೆ ಹೆಸರು ಬರೆದ ಹುಡುಗರ ಆಸೆಯೇ.

ದುರ್ಗದ ಕೋಟೆಯಲ್ಲಿ ಪ್ರೀತಿಯ ಗುರುತು ಕೆತ್ತಿ ಹೋಗುವವರನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ. ಅದಕ್ಕೆ ನಮ್ಮಲ್ಲಿ ಆಗಲೇ ಪದ ಇದೆ. ಗೀಚುವುದು. ‘ಗೀಚು’ ಅಂದ ಕೂಡಲೇ ತೀರ್ಪು ಬಂದುಬಿಡುತ್ತದೆ. ಬ್ರೆಜಿಲಿನವರು ಈ ವ್ಯತ್ಯಾಸಕ್ಕೆ ಎರಡು ಪದ ಇಟ್ಟುಕೊಂಡಿದ್ದಾರೆ. ಬಣ್ಣದ ಚಿತ್ರ ‘ಗ್ರಾಫಿಚಿ’. ಕಟ್ಟಡದ ಮೇಲೆ ಕಪ್ಪಗೆ ಬರೆಯುವ ಚೂಪು ಅಕ್ಷರಗಳು ‘ಪಿಶಾಸಾಂವ್’. ಈ ಎರಡನೆಯದು ಡಾಂಬರು ಅನ್ನುವ ಪದದಿಂದ ಬಂದದ್ದು. 2011ರಲ್ಲಿ ಅಲ್ಲಿನ ಕಾನೂನೇ ಈ ಎರಡನ್ನೂ ಬೇರೆ ಮಾಡಿತು. ಮಾಲೀಕರ ಒಪ್ಪಿಗೆಯಿಂದ ಬರೆದ ಗ್ರಾಫಿಚಿ ಅಪರಾಧವಲ್ಲ, ಪಿಶಾಸಾಂವ್ ಅಪರಾಧ. ಜನ ಬಾಯಲ್ಲಿ ಬೇರೆ ಮಾಡಿಟ್ಟಿದ್ದ ಪದಗಳು ಕಾನೂನಿಗೂ ಒದಗಿದವು.

ಮತ್ತೊಂದು ವಿಷಯ. ಗ್ರಾಫಿಟಿಯ ಒಡಹುಟ್ಟು ಪದ ‘ಸ್ಗ್ರಾಫಿಟೊ’. ಬಿಳಿ ಗಾರೆಯ ಮೇಲೆ ಬಣ್ಣದ ಪದರ ಕೊಟ್ಟು, ಆ ಮೇಲಿನ ಪದರವನ್ನು ಹೆರೆದು ಚಿತ್ರ ತೆಗೆಯುವುದು. ಇದು ನಮ್ಮ ಕರಾವಳಿ ಗುಡಿಗಳ ಕಾವಿ ಕಲೆಯೇ! ಸುಣ್ಣದ ಬಿಳಿಯ ಮೇಲೆ ಕೆಂಪು ಕಾವಿ, ಕಾವಿ ಹೆರೆದರೆ ಬಿಳಿ ಗೆರೆ. ಉತ್ತರ ಕನ್ನಡದವರು ಆ ಹೆರೆಯುವ ಕೆಲಸಕ್ಕೂ ಉಪಕರಣಕ್ಕೂ ಏನು ಹೇಳುತ್ತಾರೆ ಅಂತ ದಯವಿಟ್ಟು ತಿಳಿಸಿ. ಸ್ಟೆನ್ಸಿಲ್‌ಗೂ ಹೀಗೇ ಕೇಳಬೇಕಿದೆ. ಬ್ಯಾಂಕ್ಸಿಯ ಬಲೂನು ಹುಡುಗಿಯ ಚಿತ್ರ ಸ್ಟೆನ್ಸಿಲ್ಲಿನದು. ತಗಡಿನಲ್ಲಿ ಅಕ್ಷರ ಕೊರೆದು ಮೂಟೆಯ ಮೇಲಿಟ್ಟು ಬಣ್ಣ ಒತ್ತುವುದನ್ನು ನಾನು ಚಿಕ್ಕಂದಿನಿಂದ ನೋಡಿದ್ದೇನೆ. ನಿಮ್ಮ ಮಾರ್ಕೆಟ್ಟಿನಲ್ಲಿ ಆ ತಗಡಿಗೆ ಏನು ಹೆಸರು?

ಇಲಸ್ಟ್ರೇಷನ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ನಿಘಂಟು ‘ನಿದರ್ಶನ’ ಅನ್ನುತ್ತದೆ, ಅದು ಬೇರೆಯೇ ಅರ್ಥ. ‘ಚಿತ್ರಕಥೆ’ಯನ್ನು ಸಿನಿಮಾದವರು ತೆಗೆದುಕೊಂಡಾಯಿತು. ‘ರೇಖಾಚಿತ್ರ’ ಬಣ್ಣ ಇದ್ದರೆ ಹೊಂದುವುದಿಲ್ಲ. ನಮ್ಮ ವಾರಪತ್ರಿಕೆಗಳು ಕಥೆಯ ಕೆಳಗೆ ‘ಚಿತ್ರ’ ಅಂತ ಹಾಕಿ ಕಲಾವಿದರ ಹೆಸರು ಕೊಡುತ್ತಾ ಬಂದಿವೆ. ಚಂದ್ರನಾಥ ಆಚಾರ್ಯ ಅವರ ಚಿತ್ರಗಳನ್ನು ನಾವೆಲ್ಲ ಕಂಡದ್ದು ಹಾಗೇ ಅಲ್ವಾ. ನನಗಂತೂ ‘ಕಥೆಗೆ ಚಿತ್ರ’ ಸಾಕು. ಒಂದೇ ಪದ ಬೇಕು ಅನ್ನುವವರು ಸೂಚಿಸಿ.

ಕೊನೆಯದು, ಕಷ್ಟದ್ದು, ಸರ್ರಿಯಲ್. ನಾನು ಓದಿದ ಕಲಾಬರಹಗಳಲ್ಲಿ ‘ಅತಿವಾಸ್ತವವಾದ’ ಅಂತ ಇದೆ. ಈ ‘ಅತಿ’ ಸರಿಯಿಲ್ಲ. ಅತಿವೃಷ್ಟಿ, ಅತಿರೇಕ, ಅತಿಯಾಸೆ. ಕನ್ನಡದ ಕಿವಿಗೆ ಅತಿ ಅಂದರೆ ಮೊದಲು ಕೇಳುವುದು ವಿಪರೀತ. ಆಗ ಅತಿವಾಸ್ತವ ಅಂದರೆ ವಿಪರೀತ ವಾಸ್ತವ. ಫೋಟೊದಷ್ಟೇ ನಿಜವಾಗಿ, ಚರ್ಮದ ರಂಧ್ರವೂ ಕಾಣುವ ಹಾಗೆ ಬರೆಯುವ ಚಿತ್ರಗಳಿವೆಯಲ್ಲ, ಹೈಪರ್ ರಿಯಲಿಸಂ, ಆ ಅರ್ಥವೇ ಬರುತ್ತದೆ. ಅದು ಪೂರ್ತಿ ಎದುರು ದಿಕ್ಕು. ಫ್ರೆಂಚ್ ಕವಿ ಅಪೊಲಿನೇರ್ 1917ರಲ್ಲಿ ಸರ್ರಿಯಲ್ ಅನ್ನುವ ಪದ ಕಟ್ಟಿದ. 1924ರಲ್ಲಿ ಇನ್ನೊಬ್ಬ ಕವಿ ಆಂದ್ರೆ ಬ್ರೆತೋಂ ಆ ಪಂಥದ ಪ್ರಣಾಳಿಕೆ ಬರೆದ. ಫ್ರೆಂಚಿನ ‘ಸುರ್’ ಅಂದರೆ ಮೇಲೆ. ಕನಸು ಮತ್ತು ಎಚ್ಚರ ಎರಡೂ ಬೆರೆತು, ಅವೆರಡಕ್ಕಿಂತ ಮೇಲಿನ ಒಂದು ನಿಜ ಆಗುತ್ತದೆ ಅಂತ ಅವನ ನಂಬಿಕೆ. ಅಲ್ಲಿ ವಿಪರೀತದ ಮಾತೇ ಇಲ್ಲ.

ನನಗೆ ಮೊದಲು ಹೊಳೆದದ್ದು ‘ಬೆಡಗು’. ಒಗಟಿನ ಹಾಗೆ ಮಾತಾಡುವ ಬೆಡಗಿನ ವಚನಗಳನ್ನು ಓದಿದವರಿಗೆ ಚಿಮಣಿಯಿಂದ ಮೀನು ಬಂದರೆ ಆಶ್ಚರ್ಯವಿಲ್ಲ. ಆದರೆ ಈಗ ಬೆಡಗು ಅಂದರೆ ಬಿನ್ನಾಣ. ಬೋರ್ಡಿನ ಮೇಲೆ ‘ಬೆಡಗಿನ ಚಿತ್ರ’ ಅಂತ ಬರೆದರೆ ಜನ ಬೇರೇನೋ ಹುಡುಕುತ್ತಾರೆ. ‘ವಿಚಿತ್ರ’ದ ಒಳಗೇ ‘ಚಿತ್ರ’ ಇದೆ, ಹಳೆಯ ಅರ್ಥದಲ್ಲಿ ಚಿತ್ರ ಅಂದರೆ ಅಚ್ಚರಿಯೂ ಹೌದು. ಆದರೂ ವಿಚಿತ್ರ ಅಂದರೆ ಈಗ ಬೈಗುಳದ ಹತ್ತಿರ. ನಮ್ಮ ತಾಯಿ ಫೋನಿನಲ್ಲಿ ಗೋಡೆ ನೋಡಿ, ‘ಕನಸು ಬಿದ್ದಂಗೈತಲ್ಲೇ ತಾಯಿ’ ಅಂದರು. ಯಾವ ನಿಘಂಟಿಗಿಂತಲೂ ಹತ್ತಿರದ ಮಾತು. ‘ಕನಸುಚಿತ್ರ’ ಅನ್ನಬಹುದಾ? ಅಥವಾ ‘ನಿಜ ಮೀರಿದ ಚಿತ್ರ’? ಮೀರು ಅನ್ನುವುದರಲ್ಲಿ ಒಂದು ಗಡಿ ಇದೆ, ಅದನ್ನು ದಾಟುವ ಹೆಜ್ಜೆ ಇದೆ. ನನ್ನ ಒಲವು ಆ ಕಡೆಗಿದೆ. ಹುಡುಗಿಯರಿಗೆ ಕನಸುಚಿತ್ರ ಇಷ್ಟ.

ಸಾಗರ, ಸೊರಬದ ಕಡೆಯವರನ್ನು ಒಂದು ಮಾತು ಕೇಳಬೇಕು. ಗೋಡೆಚಿತ್ರಕ್ಕಿಂತ ‘ಗೋಡೆಚಿತ್ತಾರ’ ನನ್ನ ಕಿವಿಗೆ ಇನ್ನೂ ಹಿತ. ಆದರೆ ಚಿತ್ತಾರ ನಿಮ್ಮಲ್ಲಿ ದೀವರ ಹೆಣ್ಣುಮಕ್ಕಳ ಕೈಯ ಕೆಲಸ. ಕೆಮ್ಮಣ್ಣು ಬಳಿದ ಗೋಡೆ, ಅಕ್ಕಿಹಿಟ್ಟಿನ ಬಿಳಿ, ಪುಂಡಿನಾರಿನ ಕುಂಚ. ಅಕ್ರಿಲಿಕ್ ಬಣ್ಣದ ಮೀನಿಗೆ ಆ ಹೆಸರು ಇಟ್ಟರೆ ನಿಮಗೆ ಬೇಸರ ಆಗುತ್ತದಾ? ನೀವು ಬೇಡ ಅಂದರೆ ಇಡುವುದಿಲ್ಲ.

ಸದ್ಯಕ್ಕೆ ಬೋರ್ಡಿಗೆ ಇಷ್ಟು ಬರೆದಿಟ್ಟಿದ್ದೇನೆ: ‘ಮಿಲ್ಲಿನ ಮೀನು. ನಿಜ ಮೀರಿದ ಗೋಡೆಚಿತ್ರ. ಬರೆದವರು’, ಆಮೇಲೆ ನಾಲ್ವರ ಹೆಸರು. ತಗಡು ಎರಡಡಿ ಅಗಲ ಇದೆ. ನಾನು ಹೋಗಿ ಕೇಳಿದ ಆ ಬೋರ್ಡ್ ಬರೆಯುವವರೇ ಬರುವ ಸೋಮವಾರ ಬರುತ್ತಾರೆ. ಭಾನುವಾರ ರಾತ್ರಿಯೊಳಗೆ ಉತ್ತರ ಬಂದರೆ ತಿದ್ದಿಸುತ್ತೇನೆ.